ಕಂಪ್ಯೂಟರ್ ಪ್ರಶ್ನೋತ್ತರ: 5080 ಬೇಕೇ, 5070 ಟಿಐ ಸಾಕೇ?

ಪ್ರಶ್ನೆ: ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ ಓದುತ್ತಿರುವ ನನ್ನ ಮಗನಿಗೆ ಗೇಮಿಂಗ್ ಕಂಪ್ಯೂಟರ್ ಕೊಡಿಸುವುದಾಗಿ ಮಾತು ಕೊಟ್ಟಿದ್ದೇನೆ. ಮಾನಿಟರ್ ಈಗಾಗಲೇ ಇದೆ. 27 ಇಂಚಿನದು, 1440ಪಿ, 165 ಹರ್ಟ್ಸ್. ಉಳಿದೆಲ್ಲ ಸೇರಿ ಎರಡು ಲಕ್ಷ ರೂಪಾಯಿ ಮೀರಬಾರದೆಂದು ಹೇಳಿದ್ದೇನೆ. ಮಗ ಆರ್‌ಟಿಎಕ್ಸ್ 5080 ಗ್ರಾಫಿಕ್ಸ್ ಕಾರ್ಡೇ, ಅಂದರೆ ಆಟದ ಚಿತ್ರಗಳನ್ನು ಪರದೆಗೆ ಬಿಡಿಸಿಕೊಡುವ ಕಾರ್ಡುಗಳಲ್ಲಿ ಅದೇ ಬೇಕೆನ್ನುತ್ತಾನೆ. ಕೊಪ್ಪೀಕರ್ ರಸ್ತೆಯ ಅಂಗಡಿಯವರು 5070 ಟಿಐ ಸಾಕೆನ್ನುತ್ತಾರೆ. ಬೆಂಗಳೂರಿನಲ್ಲಿರುವ ನನ್ನ ಸೋದರಳಿಯ ಎಎಂಡಿಯ ಆರ್‌ಎಕ್ಸ್ 9070 ಎಕ್ಸ್‌ಟಿ ಕೊಂಡು ಉಳಿದ ಹಣವನ್ನು ಬ್ಯಾಂಕಿನಲ್ಲಿಡಿ ಎನ್ನುತ್ತಾನೆ. ಮೂರರ ಪೆಟ್ಟಿಗೆಯ ಮೇಲೂ 16 ಜಿಬಿ ಎಂದೇ ಬರೆದಿದೆ. ಹಾಗಿದ್ದ ಮೇಲೆ ಬೆಲೆಯಲ್ಲಿ ಇಷ್ಟೊಂದು ಅಂತರವೇಕೆ? ಯಾವುದನ್ನು ಕೊಳ್ಳಲಿ?
— ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಅಂಗಡಿಯವರೇ ಕಡಿಮೆ ಬೆಲೆಯ ಕಾರ್ಡನ್ನು ಸೂಚಿಸಿದ್ದಾರೆಂದರೆ ಆ ಅಂಗಡಿಗೆ ಮತ್ತೊಮ್ಮೆ ಹೋಗಬಹುದು. ನನ್ನ ಉತ್ತರವೂ ಅದೇ: 5070 ಟಿಐ ಕೊಳ್ಳಿರಿ. ಆದರೆ ಕಾರಣ ಹೇಳದೆ ಕೊಂಡುಕೊಟ್ಟರೆ ಮಗನ ಮುಖ ಸಪ್ಪಗಾದೀತು. ಆದ್ದರಿಂದ ಅವನೂ ಓದಲಿ ಎಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಎನ್‌ವಿಡಿಯಾದ 5080 ಮತ್ತು 5070 ಟಿಐ ಕಾರ್ಡುಗಳೆರಡರಲ್ಲೂ ಇರುವುದು ಜಿಬಿ203 ಎಂಬ ಒಂದೇ ಚಿಪ್. ಅದರಲ್ಲಿ ಲೆಕ್ಕ ಮಾಡುವ ಘಟಕಗಳು 84 ಇದ್ದು, ಒಂದೊಂದು ಘಟಕದಲ್ಲಿ 128 ಕೋರ್‌ಗಳಿರುತ್ತವೆ. ಎಲ್ಲ 84 ಘಟಕಗಳೂ ತೆರೆದಿದ್ದರೆ ಅದು 10,752 ಕೋರ್‌ಗಳ 5080. ಹದಿನಾಲ್ಕನ್ನು ಮುಚ್ಚಿ 70ನ್ನು ಉಳಿಸಿಕೊಂಡರೆ ಅದೇ 8,960 ಕೋರ್‌ಗಳ 5070 ಟಿಐ. ಇದರಲ್ಲಿ ಮೋಸವೇನೂ ಇಲ್ಲ. ಚಿಪ್ ತಯಾರಿಕೆಯಲ್ಲಿ ಅಲ್ಲೊಂದು ಇಲ್ಲೊಂದು ದೋಷ ಉಳಿಯುವುದು ಸಹಜ, ದೋಷವಿರುವ ಭಾಗವನ್ನು ಮುಚ್ಚಿ ಕಡಿಮೆ ಬೆಲೆಗೆ ಮಾರುವುದು ಈ ಉದ್ಯಮದ ಹಳೆಯ ರೂಢಿ.

ಈಗ ಅಂತರವನ್ನು ಅಳೆಯೋಣ. ಕೋರ್‌ಗಳಲ್ಲಿ 5080 ಶೇಕಡಾ 20ರಷ್ಟು ಮುಂದಿದೆ. ಮೆಮೊರಿಯ ವೇಗ ಅದರಲ್ಲಿ ಸೆಕೆಂಡಿಗೆ 960 ಜಿಬಿ, 5070 ಟಿಐಯಲ್ಲಿ 896 ಜಿಬಿ. ಅಂದರೆ ಶೇಕಡಾ ಏಳರ ವ್ಯತ್ಯಾಸ. ಇವೆರಡರ ಫಲವಾಗಿ ಇನ್ನೂ ಸೂಕ್ಷ್ಮವಾದ 4ಕೆ ಪರದೆಯಲ್ಲಿ ಸೆಕೆಂಡಿಗೆ ಸುಮಾರು ಶೇಕಡಾ 15ರಷ್ಟು ಹೆಚ್ಚು ಚಿತ್ರಗಳು, ಅಂದರೆ ಫ್ರೇಮ್‌ಗಳು ಸಿಗುತ್ತವೆ, ನಿಮ್ಮಲ್ಲಿರುವ 1440ಪಿ ಪರದೆಯಲ್ಲಿ ಅದಕ್ಕಿಂತ ಕಡಿಮೆ. ಬೆಲೆಯಲ್ಲಿ ಮಾತ್ರ ಅಂತರ ಹೀಗಿಲ್ಲ. 2025ರ ಜನವರಿಯಲ್ಲಿ ಭಾರತಕ್ಕೆ ಘೋಷಿಸಿದ ಆರಂಭಿಕ ಬೆಲೆ 5080ಕ್ಕೆ 1,07,000 ರೂಪಾಯಿ, 5070 ಟಿಐಗೆ 80,000 ರೂಪಾಯಿ. ಮೂರನೆಯ ಒಂದು ಭಾಗದಷ್ಟು ಹೆಚ್ಚು ಹಣ ಕೊಟ್ಟು, ನೂರು ಫ್ರೇಮ್ ಇದ್ದಲ್ಲಿ ನೂರಹನ್ನೆರಡನ್ನೋ ನೂರಹದಿನೈದನ್ನೋ ಪಡೆಯುವುದು ಎಂದಾಯಿತು. ಎರಡು ಕಂಪ್ಯೂಟರುಗಳನ್ನು ಅಕ್ಕಪಕ್ಕ ಇಟ್ಟು, ಫ್ರೇಮ್ ಲೆಕ್ಕ ತೋರಿಸುವ ಮೂಲೆಯನ್ನು ಕಾಗದ ಅಂಟಿಸಿ ಮುಚ್ಚಿದರೆ, ಯಾವುದು ಯಾವುದೆಂದು ನಿಮ್ಮ ಮಗ ಹೇಳಲಾರ. ನಾನೂ ಹೇಳಲಾರೆ.

ಮೂರರ ಮೇಲೂ 16 ಜಿಬಿ ಎಂದಿರುವುದರ ಬಗ್ಗೆ ಕೇಳಿದ್ದೀರಿ. ಅದು ಕಾರ್ಡಿನ ಮೆಮೊರಿ; ಜಿಬಿ ಎಂಬುದು ಗೋದಾಮಿನ ಅಳತೆಯಿದ್ದಂತೆ. ಅಮರಗೋಳದ ಎಪಿಎಂಸಿಯಲ್ಲಿ ಒಂದೇ ಅಳತೆಯ ಮೂರು ಗೋದಾಮುಗಳಿದ್ದರೂ, ಒಂದೊಂದರ ಬಾಗಿಲಿನ ಅಗಲ ಮತ್ತು ಹಮಾಲರ ಸಂಖ್ಯೆ ಬೇರೆಯಾದರೆ ಲಾರಿ ತುಂಬುವ ಹೊತ್ತೂ ಬೇರೆಯಾಗುತ್ತದೆ. ಇಲ್ಲಿ ಕೋರ್‌ಗಳೇ ಹಮಾಲರು, ಮೆಮೊರಿಯ ವೇಗವೇ ಬಾಗಿಲಿನ ಅಗಲ. ಹಾಗೆಂದು ಗೋದಾಮು ತೀರ ಚಿಕ್ಕದಾದರೂ ಕೆಲಸ ನಿಲ್ಲುತ್ತದೆ. 12 ಜಿಬಿಯ ಸಾದಾ 5070 ಅನ್ನು ಈ ಪಟ್ಟಿಯಲ್ಲಿ ನೀವು ಸೇರಿಸದಿದ್ದುದು ಒಳ್ಳೆಯದಾಯಿತು.

ಸೋದರಳಿಯನ ಮಾತನ್ನೂ ತಳ್ಳಿಹಾಕುವಂತಿಲ್ಲ. 2025ರ ಮಾರ್ಚ್‌ನಲ್ಲಿ ಬಂದ 9070 ಎಕ್ಸ್‌ಟಿಗೆ ಅಮೆರಿಕದಲ್ಲಿ ಘೋಷಿಸಿದ ಬೆಲೆ 599 ಡಾಲರ್, 5070 ಟಿಐಗೆ 749 ಡಾಲರ್. ಮೆಮೊರಿ ಹಿಂದಿನ ತಲೆಮಾರಿನ ಜಿಡಿಡಿಆರ್6 ಆದರೂ ಸಾಮಾನ್ಯ ಆಟಗಳಲ್ಲಿ ಅದು ಟಿಐಗಿಂತ ಕೆಲವೇ ಶೇಕಡಾ ಹಿಂದಿದೆ. ರೇ ಟ್ರೇಸಿಂಗ್, ಅಂದರೆ ಬೆಳಕಿನ ಕಿರಣಗಳು ವಸ್ತುಗಳ ಮೇಲೆ ಬಿದ್ದು ಚದುರುವುದನ್ನು ನಿಜದಂತೆ ಲೆಕ್ಕ ಹಾಕುವ ಆಟಗಳಲ್ಲಿ ಅಂತರ ಹಿಗ್ಗುತ್ತದೆ. ಸೈಬರ್‌ಪಂಕ್ 2077 ಎಂಬ ಆಟದಲ್ಲಿರುವ, ಎಲ್ಲ ಬೆಳಕನ್ನೂ ಹೀಗೆ ಲೆಕ್ಕ ಹಾಕುವ ಪಾತ್ ಟ್ರೇಸಿಂಗ್‌ನಂತಹ ಭಾರದ ವ್ಯವಸ್ಥೆಯಲ್ಲಿ ಬಹಳವೇ ಹಿಗ್ಗುತ್ತದೆ. ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ ಎಂದಿದ್ದೀರಿ. ಮುಂದೆ ಅವನು ಮೂರು ಆಯಾಮದ ಚಿತ್ರ ರಚಿಸುವ ಬ್ಲೆಂಡರ್ ಬಳಸಿದರೂ, ಮಷಿನ್ ಲರ್ನಿಂಗ್ ಕಲಿತರೂ, ಅಲ್ಲಿನ ತಂತ್ರಾಂಶಗಳಲ್ಲಿ ಬಹುಪಾಲು ಮೊದಲು ‘ಕುಡಾ’ (CUDA) ಎಂಬ ಎನ್‌ವಿಡಿಯಾ ವ್ಯವಸ್ಥೆಯನ್ನೇ ಹುಡುಕುತ್ತವೆ. ನನ್ನ ತೂಕ ಆ ಕಡೆಗೆ ವಾಲಲು ಇದೇ ಕಾರಣ. ಆಟವೊಂದೇ ಉದ್ದೇಶವಾಗಿದ್ದು, ಹುಬ್ಬಳ್ಳಿಯಲ್ಲಿ ಎರಡರ ನಡುವೆ ಹದಿನೈದು ಸಾವಿರಕ್ಕಿಂತ ಹೆಚ್ಚಿನ ಅಂತರ ಕಂಡರೆ ನಾನು ಸೋದರಳಿಯನ ಪಕ್ಷ.

ಮಗ ಒಂದು ಜಾಹೀರಾತನ್ನು ನಿಮ್ಮ ಮುಂದೆ ಹಿಡಿಯಬಹುದು. ಅದರಲ್ಲಿ ಫ್ರೇಮ್‌ಗಳ ಕಂಬಗಳು ಮೂರು ಪಟ್ಟು, ನಾಲ್ಕು ಪಟ್ಟು ಎತ್ತರವಾಗಿರುತ್ತವೆ. ಅದು ಫ್ರೇಮ್ ಜನರೇಶನ್ನಿನ ಮಹಿಮೆ. ಕಾರ್ಡು ನಿಜವಾಗಿ ಬಿಡಿಸಿದ ಎರಡು ಚಿತ್ರಗಳ ನಡುವೆ ತಾನೇ ಊಹಿಸಿದ ಚಿತ್ರಗಳನ್ನು ಸೇರಿಸುತ್ತದೆ. 50ರ ಸರಣಿ 2025ರಲ್ಲಿ ಬಂದಾಗ ಒಂದು ನಿಜ ಚಿತ್ರಕ್ಕೆ ಮೂರು ಊಹೆಯ ಚಿತ್ರಗಳವರೆಗೆ ಸೇರಿಸಬಲ್ಲದಾಗಿತ್ತು. 1,599 ಡಾಲರಿನ 4090 ಕಾರ್ಡಿನ ಶಕ್ತಿ 549 ಡಾಲರಿನ 5070 ಕಾರ್ಡಿನಲ್ಲಿ ಬಂತು ಎಂಬಂಥ ಮಾತುಗಳೆಲ್ಲ ಈ ಊಹೆಯ ಚಿತ್ರಗಳನ್ನೂ ಲೆಕ್ಕಕ್ಕೆ ಹಿಡಿದು ಆಡಿದವು. ಊಹಿಸಬೇಕಾದರೆ ಮುಂದಿನ ನಿಜ ಚಿತ್ರ ಸಿದ್ಧವಾಗುವವರೆಗೆ ಕಾಯಲೇಬೇಕು, ಹೀಗಾಗಿ ಮೌಸ್ ಅಲುಗಿಸಿದ್ದಕ್ಕೂ ಪರದೆ ಅಲುಗಿದ್ದಕ್ಕೂ ನಡುವೆ ತುಸು ಹೊತ್ತು ಸೇರಿಕೊಳ್ಳುತ್ತದೆ. ಮೊದಲೇ 60 ಫ್ರೇಮ್ ಬರುತ್ತಿದ್ದ ಆಟ ಇದರಿಂದ ನುಣುಪಾಗುತ್ತದೆ. 25 ಫ್ರೇಮಿಗೆ ತೆವಳುತ್ತಿದ್ದ ಆಟ ನೋಡಲು ನುಣುಪಾಗಿ, ಆಡಲು ಕೆಸರಿನಲ್ಲಿ ಕಾಲಿಟ್ಟಂತೆಯೇ ಉಳಿಯುತ್ತದೆ. ಈ ಸೌಲಭ್ಯ 5080ರಲ್ಲೂ ಟಿಐಯಲ್ಲೂ ಒಂದೇ ಆಗಿರುವುದರಿಂದ ಇವೆರಡರ ನಡುವಿನ ಆಯ್ಕೆಗೆ ಇದು ಕಾರಣವಾಗದು.

5080 ಬಿಟ್ಟದ್ದರಿಂದ ಉಳಿಯುವ ಹಣವನ್ನು ಬ್ಯಾಂಕಿಗೆ ಕಳಿಸುವ ಮೊದಲು ಗೋಡೆಯ ಪ್ಲಗ್ಗನ್ನು ಒಮ್ಮೆ ನೋಡಿರಿ. ಟಿಐ ಕಾರ್ಡೊಂದೇ 300 ವ್ಯಾಟ್ ಎಳೆಯುತ್ತದೆ. ಪ್ರೊಸೆಸರ್ ಮತ್ತು ಫ್ಯಾನುಗಳು ಸೇರಿದರೆ ಆಟದ ನಡುವೆ ಒಟ್ಟು 450ರಿಂದ 500 ವ್ಯಾಟ್ ಆಗುವುದು ಸಾಮಾನ್ಯ. ಮನೆಗಳಲ್ಲಿ ಮೇಜಿನ ಕೆಳಗೆ ಕಾಣುವ 600 ವಿಎ ಯುಪಿಎಸ್ ಕೊಡಬಲ್ಲದ್ದು ಬಹುತೇಕ 360 ವ್ಯಾಟ್ ಮಾತ್ರ. ಕರೆಂಟ್ ಹೋದ ಕ್ಷಣವೇ ಅದು ಒಮ್ಮೆ ಕಿರುಚಿ ಕಂಪ್ಯೂಟರಿನ ಜೊತೆಗೆ ತಾನೂ ಆರಿಹೋಗುತ್ತದೆ. 1500 ವಿಎ ಅಳತೆಯ, ಸಾಧ್ಯವಾದರೆ ಸೈನ್ ವೇವ್ ಯುಪಿಎಸ್ ತೆಗೆದುಕೊಳ್ಳಿರಿ. ಪವರ್ ಸಪ್ಲೈ 750 ವ್ಯಾಟಿನದಾಗಿರಲಿ, ಅದರಲ್ಲಿ ಜಿಪುಣತನ ಬೇಡ. ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತಿದ್ದರೆ ಅರ್ಥಿಂಗ್ ಕೆಟ್ಟಿದೆಯೆಂದೇ ತಿಳಿದು, ಎಲೆಕ್ಟ್ರಿಷಿಯನ್ ಬಂದು ಹೋಗುವವರೆಗೆ ಇಷ್ಟು ದುಬಾರಿಯ ಕಾರ್ಡನ್ನು ಪೆಟ್ಟಿಗೆಯಿಂದ ಹೊರತೆಗೆಯಬೇಡಿ.

ಪ್ರಶ್ನೆ: ಪರಿಚಿತರೊಬ್ಬರು ತಾವು ಬಳಸಿದ ಆರ್‌ಟಿಎಕ್ಸ್ 4080 ಸೂಪರ್ ಕಾರ್ಡನ್ನು ಮಾರುತ್ತಿದ್ದಾರೆ. ಹೊಸ 5070 ಟಿಐಗಿಂತ ಅದೇ ಮೇಲಲ್ಲವೇ? ಸಂಖ್ಯೆಯಲ್ಲಿ 80 ಎಂದಿದೆ.
— ಓದುಗರೊಬ್ಬರು, ಬೆಟಗೇರಿ, ಗದಗ

ಉತ್ತರ: ತಲೆಮಾರು ಬದಲಾದಾಗ ಸಂಖ್ಯೆಯ ಕೊನೆಯ ಎರಡು ಅಂಕಿಗಳಿಗೆ ಹಿಂದಿನ ಅರ್ಥ ಉಳಿಯುವುದಿಲ್ಲ. 2024ರ ಜನವರಿಯಲ್ಲಿ ಬಂದ 4080 ಸೂಪರ್‌ನಲ್ಲಿ 10,240 ಕೋರ್‌ಗಳಿದ್ದರೂ ಅದರ ಮೆಮೊರಿಯ ವೇಗ ಸೆಕೆಂಡಿಗೆ 736 ಜಿಬಿ. ಆಟದಲ್ಲಿ ಎರಡೂ ಹೆಚ್ಚುಕಡಿಮೆ ಸಮಸಮ. ಒಂದಕ್ಕೆ ಮೂರು ಚಿತ್ರ ಊಹಿಸುವ ಸೌಲಭ್ಯ ಹಳೆಯದರಲ್ಲಿಲ್ಲ, ವಿದ್ಯುತ್ತೂ 320 ವ್ಯಾಟ್ ಬೇಕು. ಹೊಸದರ ಬೆಲೆಯ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ಕೇಳಿದರೆ ನಾನಂತೂ ಕೊಳ್ಳುವುದಿಲ್ಲ.

ಕೊಳ್ಳುವುದೇ ಆದರೆ ಮೂಲ ಬಿಲ್ಲನ್ನು ಕೇಳಿ ಪಡೆಯಿರಿ, ಅದರಲ್ಲಿರುವ ಸೀರಿಯಲ್ ನಂಬರನ್ನು ಕಾರ್ಡಿನ ಮೇಲಿನದರೊಡನೆ ತಾಳೆ ನೋಡಿರಿ. ಅವರ ಮನೆಯಲ್ಲೇ ಭಾರದ ಆಟವೊಂದನ್ನು ಅರ್ಧ ಗಂಟೆ ಓಡಿಸಿ ನೋಡಿರಿ. ಕೊನೆಗೆ ಕಾರ್ಡನ್ನು ಬಿಚ್ಚಿಸಿ, ವಿದ್ಯುತ್ ಕನೆಕ್ಟರಿನ ಒಳಗೆ ಮೊಬೈಲಿನ ಟಾರ್ಚ್ ಬಿಟ್ಟು ನೋಡಿರಿ. ಅಲ್ಲಿ ಹನ್ನೆರಡು ದಪ್ಪ ಪಿನ್‌ಗಳೂ ನಾಲ್ಕು ಸಣ್ಣ ಪಿನ್‌ಗಳೂ ಇರುತ್ತವೆ. 2022ರಲ್ಲಿ ಕೆಲವು 4090 ಕಾರ್ಡುಗಳ ಈ ಕನೆಕ್ಟರ್ ಕರಗಿದಾಗ, ಪ್ಲಗ್ ಪೂರ್ತಿ ಒಳಗೆ ಕೂರದಿದ್ದುದೇ ಮುಖ್ಯ ಕಾರಣವೆಂದು ಎನ್‌ವಿಡಿಯಾ ಹೇಳಿತ್ತು. ಪಿನ್‌ನ ಸುತ್ತಲಿನ ಪ್ಲಾಸ್ಟಿಕ್ ಎಲ್ಲಿಯಾದರೂ ಕಂದುಬಣ್ಣಕ್ಕೆ ತಿರುಗಿದ್ದರೆ ಚಹಾ ಕುಡಿದು ಎದ್ದು ಬನ್ನಿರಿ.

ಪ್ರಶ್ನೆ: 5070 ಟಿಐ ಎಂದು ಗಟ್ಟಿಮಾಡಿದ್ದೇನೆ. ಆದರೆ ಅದೇ ಚಿಪ್ಪಿನ ಕಾರ್ಡನ್ನು ಹಲವು ಕಂಪನಿಗಳು ಮಾರುತ್ತಿದ್ದು, ಬೆಲೆಯಲ್ಲಿ ಹದಿನೈದು ಸಾವಿರದವರೆಗೆ ಅಂತರವಿದೆ. ಕೆಲವುಗಳ ಮೇಲೆ ‘ಓಸಿ’ ಎಂದಿದೆ. ಯಾವುದು ಉತ್ತಮ? ನನ್ನ ಎಂಟು ವರ್ಷದ ಹಳೆಯ ಕ್ಯಾಬಿನೆಟ್ಟನ್ನೇ ಬಳಸುವ ಆಲೋಚನೆಯಿದೆ.
— ಓದುಗರೊಬ್ಬರು, ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ಈ ಮಾದರಿಯನ್ನು ಎನ್‌ವಿಡಿಯಾ ತಾನೇ ಮಾರುವುದಿಲ್ಲ, ಅಸುಸ್, ಎಂಎಸ್‌ಐ, ಗಿಗಾಬೈಟ್, ಜೋಟ್ಯಾಕ್ ಮುಂತಾದವರು ಚಿಪ್ ತರಿಸಿಕೊಂಡು ಅದರ ಸುತ್ತ ತಮ್ಮ ತಮ್ಮ ಕಾರ್ಡು ಕಟ್ಟುತ್ತಾರೆ. ‘ಓಸಿ’ ಎಂದರೆ ಓವರ್‌ಕ್ಲಾಕ್; ಎನ್‌ವಿಡಿಯಾ ಗೊತ್ತುಮಾಡಿದ 2,452 ಮೆಗಾಹರ್ಟ್ಸ್ ಎಂಬ ಬೂಸ್ಟ್ (ಏರು) ವೇಗವನ್ನು ಕಾರ್ಖಾನೆಯಲ್ಲೇ ತುಸು ಏರಿಸಿದ್ದಾರೆ ಎಂದರ್ಥ. ಆಟದಲ್ಲಿ ಅದು ಎರಡು ಮೂರು ಶೇಕಡಾ ದಾಟುವುದು ಅಪರೂಪ. ಹದಿನೈದು ಸಾವಿರದಲ್ಲಿ ನೀವು ಕೊಳ್ಳುವುದು ಬಿಸಿಯನ್ನು ಹೊರಹಾಕುವ ದೊಡ್ಡ ಹೀಟ್‌ಸಿಂಕ್, ಸದ್ದು ಮಾಡದ ಫ್ಯಾನುಗಳು ಮತ್ತು ಬಣ್ಣದ ದೀಪಗಳು. ದೀಪಗಳ ಮಾತು ಬಿಡಿ, ಆದರೆ ಹೀಟ್‌ಸಿಂಕನ್ನು ನಮ್ಮ ಸೀಮೆಯಲ್ಲಿ ಕಡೆಗಣಿಸುವಂತಿಲ್ಲ. ಪರೀಕ್ಷೆಯ ವರದಿಗಳಲ್ಲಿ ಕಾಣುವ 65 ಡಿಗ್ರಿ ಎಂಬ ಅಂಕಿ ತಣ್ಣನೆಯ ಕೋಣೆಯದು; ಏಪ್ರಿಲ್ ತಿಂಗಳ ಮಧ್ಯಾಹ್ನ ನಿಮ್ಮ ಕೋಣೆ ಅದಕ್ಕಿಂತ ಹದಿನೈದು ಡಿಗ್ರಿ ಬಿಸಿಯಾಗಿದ್ದರೆ ಕಾರ್ಡೂ ಸುಮಾರು ಅಷ್ಟೇ ಬಿಸಿಯಾಗುತ್ತದೆ. ಆದ್ದರಿಂದ ತೀರ ಅಗ್ಗದ್ದೂ ಬೇಡ, ತೀರ ದುಬಾರಿಯದೂ ಬೇಡ. ಮೂರು ಫ್ಯಾನಿನ ಮಧ್ಯಮ ಬೆಲೆಯ ಕಾರ್ಡು, ಮೂರು ವರ್ಷದ ವಾರಂಟಿ, ರಿಪೇರಿಗೆ ಕಳಿಸಲು ಹುಬ್ಬಳ್ಳಿಯಲ್ಲೇ ಒಪ್ಪಿಸಿಕೊಳ್ಳುವ ಅಂಗಡಿ, ಇಷ್ಟಿದ್ದರೆ ಕಂಪನಿಯ ಹೆಸರಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಹಳೆಯ ಕ್ಯಾಬಿನೆಟ್ಟಿನ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಈ ಕಾರ್ಡುಗಳ ಉದ್ದ 30ರಿಂದ 34 ಸೆಂಟಿಮೀಟರ್, ದಪ್ಪ ಎರಡೂವರೆ ಮೂರು ಸ್ಲಾಟ್. ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಕೋಣೆಯಲ್ಲಿದ್ದ ವಿದ್ಯಾರ್ಥಿಯೊಬ್ಬನ ಕಂಪ್ಯೂಟರ್ ಜೋಡಿಸಲು ಹೋಗಿದ್ದೆ. ಕಾರ್ಡು 33 ಸೆಂಟಿಮೀಟರ್ ಇತ್ತು, ಕ್ಯಾಬಿನೆಟ್ಟಿನ ಒಳಗೆ ಹಾರ್ಡ್ ಡಿಸ್ಕ್ ಕೂಡಿಸುವ ಚೌಕಟ್ಟು ಅಡ್ಡ ಬಂದು ಉಳಿದದ್ದು 31. ಓರೆಯಾಗಿ, ನೇರವಾಗಿ, ಮೇಲಿನಿಂದ, ಎಲ್ಲ ಬಗೆಯಲ್ಲೂ ಪ್ರಯತ್ನಿಸಿದ ನನ್ನ ಜೊತೆಯ ಹುಡುಗ, “ಸರ, ಇದು ಒಳಗ ಹಿಡಿಸವಲ್ದರಿ” ಎಂದು ಕೈಚೆಲ್ಲಿದ. ಕೊನೆಗೆ ಮದರ್‌ಬೋರ್ಡನ್ನು ಹೊರತೆಗೆದು, ಚೌಕಟ್ಟಿನ ಎಂಟು ರಿವೆಟ್ಟುಗಳನ್ನು ಡ್ರಿಲ್ಲಿನಿಂದ ಕೊರೆದು, ತಗಡಿನ ಚೂರುಗಳನ್ನು ಒಂದೊಂದಾಗಿ ಆಯ್ದು ಮುಗಿಸುವ ಹೊತ್ತಿಗೆ ರಾತ್ರಿ ಹತ್ತಾಗಿತ್ತು. ಟೇಪು ಹಿಡಿದು ಅಳೆಯಲು ಎರಡು ನಿಮಿಷ ಸಾಕಿತ್ತು. ಹಿಂಬದಿಯ ಸ್ಲಾಟ್ ಪಟ್ಟಿಯಿಂದ ಎದುರಿನ ಮೊದಲ ಅಡ್ಡಿಯವರೆಗೆ ಅಳೆಯಿರಿ, ಮುಂದಿನ ಫ್ಯಾನಿನ ದಪ್ಪವನ್ನು ಅದರಲ್ಲಿ ಕಳೆಯಿರಿ.

ಮುಂಭಾಗದಲ್ಲಿ ಜಾಲರಿಯೂ ತೆಗೆದು ತೊಳೆಯಬಹುದಾದ ಧೂಳಿನ ಪರದೆಯೂ ಇಲ್ಲದಿದ್ದರೆ ಆ ಕ್ಯಾಬಿನೆಟ್ಟನ್ನು ಬಿಟ್ಟುಬಿಡಿ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮನೆಯ ಕಂಪ್ಯೂಟರ್ ಒಮ್ಮೆ ನನ್ನ ಮೇಜಿಗೆ ಬಂದಿತ್ತು. ಪಕ್ಕದ ಬಾಗಿಲು ತೆಗೆದು ಬ್ಲೋವರ್ ಹಚ್ಚಿದೊಡನೆ ಕೋಣೆಯಲ್ಲಿದ್ದ ನಾಲ್ವರೂ ಸೀನುತ್ತ ಹೊರಗೆ ಓಡಿದೆವು. ಹೀಟ್‌ಸಿಂಕಿನ ಎಲೆಗಳ ನಡುವೆ ಕೆಂಪು ಧೂಳು ಹತ್ತಿಯೊಡನೆ ಸೇರಿ ಕಂಬಳಿಯಂತೆ ಕೂತಿತ್ತು. ರಾಣೆಬೆನ್ನೂರಿನಲ್ಲಿ ಅಷ್ಟು ಖಾರ ಇರಲಾರದು, ಆದರೂ ಎರಡು ತಿಂಗಳಿಗೊಮ್ಮೆ ಪರದೆ ತೊಳೆಯಿರಿ.

ಕಾರ್ಡನ್ನು ಕೂರಿಸಿದ ಮೇಲೆ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವನ್ನು ತೆರೆದು ‘ಆರ್‌ಓಪಿ’ ಎಂಬ ಸಾಲನ್ನು ನೋಡಿರಿ, ಅದು ಚಿತ್ರದ ಚುಕ್ಕೆಗಳನ್ನು ಕೊನೆಯಲ್ಲಿ ಬರೆಯುವ ಘಟಕಗಳ ಲೆಕ್ಕ. ಈ ಮಾದರಿಯಲ್ಲಿ ಅಲ್ಲಿ 96 ಎಂದಿರಬೇಕು. 2025ರ ಫೆಬ್ರುವರಿಯಲ್ಲಿ, ಆರಂಭದ ತಂಡದ ಅತ್ಯಲ್ಪ ಕಾರ್ಡುಗಳಲ್ಲಿ ಈ ಘಟಕಗಳು ಎಂಟು ಕಡಿಮೆಯಿರುವುದನ್ನು ಎನ್‌ವಿಡಿಯಾವೇ ಒಪ್ಪಿಕೊಂಡು, ಅಂಥವನ್ನು ಬದಲಿಸಿಕೊಡಲಾಗುವುದು ಎಂದಿತ್ತು. 88 ಎಂದು ಕಂಡರೆ ಪರದೆಯ ಚಿತ್ರ ತೆಗೆದಿಟ್ಟುಕೊಂಡು, ಬಿಲ್ಲು ಮತ್ತು ಪೆಟ್ಟಿಗೆಯೊಡನೆ ಅದೇ ದಿನ ಅಂಗಡಿಗೆ ಹೋಗಿರಿ.