ಗೆಲಾಕ್ಸಿ ಗುಚ್ಛಗಳ ಡಿಕ್ಕಿ: ರೇಡಿಯೋ ಅಲೆ ಎಲ್ಲಿಂದ?

ಪ್ರಶ್ನೆ: ಗೆಲಾಕ್ಸಿಗಳ ಎರಡು ಗುಚ್ಛಗಳು ಡಿಕ್ಕಿಯಾದರೆ ಅಲ್ಲಿಂದ ರೇಡಿಯೋ ಅಲೆ ಬರುತ್ತದಂತೆ. ಗೆಲಾಕ್ಸಿಗಳ ನಡುವೆ ಇರೋದು ಖಾಲಿ ಜಾಗ ತಾನೇ? ಮತ್ತೆ ಅಲೆ ಹುಟ್ಟೋದು ಹೇಗೆ?

ಉತ್ತರ: ನೀವು ಖಾಲಿ ಅಂದುಕೊಂಡ ಜಾಗದಲ್ಲೇ ಎಲ್ಲವೂ ನಡೆಯುವುದು! ಅಲ್ಲಿ ಅನಿಲ ತುಂಬಿದೆ. ತುಂಬಾ ತೆಳು, ಆದರೆ ಕೋಟಿಗಟ್ಟಲೆ ಡಿಗ್ರಿ ಬಿಸಿ. ಗುಚ್ಛದ ನಕ್ಷತ್ರಗಳನ್ನೆಲ್ಲ ಒಟ್ಟು ಸೇರಿಸಿದರೂ ಈ ಅನಿಲದ ರಾಶಿಯೇ ಜಾಸ್ತಿ.

ಡಿಕ್ಕಿಯಾದಾಗ ಗೆಲಾಕ್ಸಿಗಳು ಬಹುಪಾಲು ಒಂದಕ್ಕೊಂದು ತಗಲದೆ ದಾಟಿಹೋಗುತ್ತವೆ. ಅನಿಲಕ್ಕೆ ಆ ದಾರಿ ಇಲ್ಲ. ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಅಪ್ಪಳಿಸಿ ಆಘಾತದ ಅಲೆ ಏಳುತ್ತದೆ. ಅದು ಎಲೆಕ್ಟ್ರಾನುಗಳನ್ನು ಹೆಚ್ಚುಕಡಿಮೆ ಬೆಳಕಿನ ವೇಗಕ್ಕೆ ದೂಡುತ್ತದೆ. ಅಲ್ಲಿನ ಕಾಂತಕ್ಷೇತ್ರ ಭೂಮಿಯದರ ಲಕ್ಷದಲ್ಲೊಂದು ಪಾಲು ಇರಬಹುದು, ಅಷ್ಟೇ ಸಾಕು. ಅದರಲ್ಲಿ ಸುತ್ತುತ್ತಾ ಎಲೆಕ್ಟ್ರಾನುಗಳು ರೇಡಿಯೋ ಅಲೆ ಸೂಸುತ್ತವೆ. ಇದೇ ಸಿಂಕ್ರೊಟ್ರಾನ್ ವಿಕಿರಣ.

ಈ ವಿಷಯ ಬಂದಾಗಲೆಲ್ಲ ನಾನು ತೋರಿಸುವುದು 2010ರಲ್ಲಿ ಪ್ರಕಟವಾದ ಒಂದು ಚಿತ್ರ. ಅದರಲ್ಲಿ ಡಿಕ್ಕಿಯಾದ ಗುಚ್ಛದ ಅಂಚಿನಲ್ಲಿ ಕಾಣುವ ರೇಡಿಯೋ ಕಮಾನಿಗೆ 'ಸಾಸೇಜ್' ಅಂತ ಅಡ್ಡಹೆಸರು, ಉದ್ದ ಸುಮಾರು 60 ಲಕ್ಷ ಜ್ಯೋತಿರ್ವರ್ಷ. ಅದರ ಹೊರ ಅಂಚು ನೋಡಿ, ಚಾಕುವಿನಿಂದ ಕೊಯ್ದಷ್ಟು ಚೂಪು. ಒಳಗೆ ಬಂದಂತೆ ಮಾಸುತ್ತದೆ. ಆಘಾತದ ಅಲೆ ಈಗಿರುವುದು ಹೊರ ಅಂಚಿನಲ್ಲಿ. ಅದು ದಾಟಿಬಂದ ಕಡೆ ಉಳಿದ ಎಲೆಕ್ಟ್ರಾನುಗಳು ಶಕ್ತಿ ಕಳೆದುಕೊಳ್ಳುತ್ತಿವೆ. ಅದಕ್ಕೇ ಒಳಬದಿ ಕಡಿಮೆ ಆವರ್ತನದಲ್ಲೇ ಚೆನ್ನಾಗಿ ಕಾಣುವುದು. ಅಂಚಿನಿಂದ ಒಳಕ್ಕೆ ಎಲೆಕ್ಟ್ರಾನುಗಳ ವಯಸ್ಸನ್ನೇ ಓದಿಕೊಂಡು ಹೋಗಬಹುದು, ಎಂಥ ಚಂದ ಅಲ್ವಾ?

ನನ್ನನ್ನು ಜಾಸ್ತಿ ಕಾಡುವುದು ಗುಚ್ಛದ ನಡುವೆ ಹರಡಿರುವ ಮಸುಕು ರೇಡಿಯೋ ಹೊಳಪು. ಕೋಮಾ ಗುಚ್ಛದಲ್ಲಿ ಇದು 1959ರಲ್ಲೇ ಕಂಡಿತ್ತು. ಅಗಲ ಲಕ್ಷಗಟ್ಟಲೆ ಜ್ಯೋತಿರ್ವರ್ಷ. ಆದರೆ ಇಂಥ ಎಲೆಕ್ಟ್ರಾನು ಸುಮಾರು 10 ಕೋಟಿ ವರ್ಷದಲ್ಲಿ ಸೊರಗಿಬಿಡುತ್ತದೆ. ಸಿಕ್ಕುಸಿಕ್ಕಾದ ಕಾಂತಕ್ಷೇತ್ರದಲ್ಲಿ ಅಷ್ಟರೊಳಗೆ ಅಷ್ಟು ದೂರ ಹರಡಲು ಆಗದು. ಹಾಗಾದರೆ ಇದ್ದಲ್ಲೇ ಮತ್ತೆ ಮತ್ತೆ ಚುರುಕಾಗುತ್ತಿರಬೇಕು. ಡಿಕ್ಕಿಯಿಂದ ಕದಡಿದ ಅನಿಲದ ಸುಳಿಗಳೇ ಆ ಕೆಲಸ ಮಾಡುತ್ತವೆ ಅನ್ನುವ ವಿವರಣೆ ನನಗೆ ಒಪ್ಪಿಗೆ. ಯಾಕೆಂದರೆ ಇಂಥ ದೊಡ್ಡ ಹೊಳಪು ಬಹುತೇಕ ಕಾಣುವುದು ಡಿಕ್ಕಿಯಾಗುತ್ತಿರುವ ಗುಚ್ಛಗಳಲ್ಲೇ. ಪುಣೆ ಬಳಿಯ ಜಿಎಂಆರ್‌ಟಿ ದೂರದರ್ಶಕದ ಸಮೀಕ್ಷೆಯಲ್ಲೂ ಇದು ಎದ್ದು ಕಂಡಿತು.

2019ರಲ್ಲಿ ಯುರೋಪಿನ ಲೋಫಾರ್ ದೂರದರ್ಶಕ ಇನ್ನೊಂದು ಸಂಗತಿ ತೋರಿಸಿತು. ಏಬಲ್ 399 ಮತ್ತು 401 ಗುಚ್ಛಗಳ ನಡುವೆ ಸುಮಾರು 1 ಕೋಟಿ ಜ್ಯೋತಿರ್ವರ್ಷದ ರೇಡಿಯೋ ಸೇತುವೆ. ಆ ಎರಡು ಇನ್ನೂ ಡಿಕ್ಕಿಯಾಗಿಲ್ಲ, ಹತ್ತಿರ ಬರುತ್ತಿವೆ ಅಷ್ಟೇ. ಅಂದರೆ ಡಿಕ್ಕಿಗೆ ಮೊದಲೇ ಅಲ್ಲಿನ ಎಲೆಕ್ಟ್ರಾನುಗಳನ್ನು ಏನೋ ಓಡಿಸುತ್ತಿದೆ.