ದೂರು ಯಾರ ಮೇಲೆ ಅಂತ ಮೊದಲು ಹೇಳಿ

ನಮಸ್ಕಾರ,

ನೀವು ಕಳಿಸಿದ ‘ಬಾಬ್ ಮಾರ್ಲಿಯನ್ನು ಟೀಕಿಸಬಹುದೇ?’ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಕೈತೊಳೆದುಕೊಳ್ಳಲೂ ಮನಸ್ಸಿಲ್ಲ. ಜಮೈಕಾದ ರೆಗೆ ಸಂಗೀತದ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ, ಕೇಳಿ ಬರೆಯುವವರು ಇನ್ನೂ ಕಡಿಮೆ. ನೀವು ಕೇಳಿದ್ದೀರಿ ಅನ್ನೋದು ನಾಲ್ಕೈದು ಕಡೆ ಗೊತ್ತಾಗುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಸ್ವಲ್ಪ ಖಾರವಾಗಿದೆ, ಬೇಜಾರು ಮಾಡ್ಕೋಬೇಡಿ.

ನಿಮ್ಮ ಲೇಖನದ ಸಾರ ಇಷ್ಟು. ರೆಗೆ ಅಭಿಮಾನಿಗಳಲ್ಲಿ ಎರಡು ಪಂಗಡ. ಒಬ್ಬರಿಗೆ ಜಮೈಕಾದ ಗಾಯಕ ಮಾರ್ಲಿ ದೇವರು, ಆತನ ಬಗ್ಗೆ ಚಕಾರ ಎತ್ತಬಾರದು. ಇನ್ನೊಬ್ಬರ ಪ್ರಕಾರ ಆತ ಬಿಳಿಯರ ನಾಲಗೆಗೆ ರುಚಿಸುವ ಹಾಗೆ ರೆಗೆಯ ಖಾರ ಕಡಿಮೆ ಮಾಡಿದವನು. ಅಸಲಿ ರೆಗೆ ಬೇಕಾದರೆ ಗಾಯಕ ಬರ್ನಿಂಗ್ ಸ್ಪಿಯರ್ ಕೇಳಿ, ಕಲ್ಚರ್ ತಂಡ ಕೇಳಿ, ಮಾರ್ಲಿಯ ಹಳೆಯ ಜೊತೆಗಾರ ಪೀಟರ್ ಟಾಷ್ ಕೇಳಿ. ಇಬ್ಬರ ಮಾತನ್ನೂ ನಿಯತ್ತಾಗಿ ಬರೆದುಕೊಂಡಿದ್ದೀರಿ. ಕೊನೆಗೆ ‘ಸತ್ಯ ಇವೆರಡರ ನಡುವೆ ಎಲ್ಲೋ ಇದೆ’ ಅಂದುಬಿಟ್ಟಿದ್ದೀರಿ. ಪಂಚಾಯ್ತಿ ಸೇರಿಸಿ, ಎರಡೂ ಕಡೆಯವರ ಅಹವಾಲು ಕೇಳಿ, ತೀರ್ಪು ಕೊಡದೆ ಕಾಫಿ ಕುಡಿದು ಎದ್ದುಹೋದ ಯಜಮಾನರ ಹಾಗಾಯಿತು.

ಟೀಕಿಸಬಹುದೇ ಅನ್ನುವ ಪ್ರಶ್ನೆಗೆ ಉತ್ತರ ಒಂದೇ ಸಾಲು: ಧಾರಾಳವಾಗಿ ಟೀಕಿಸಬಹುದು. ಅದಕ್ಕೆ ಏಳು ಪುಟ ಬೇಕಿಲ್ಲ. ಯಾವ ಹಾಡಿಗೆ, ಯಾವ ವರ್ಷದ ಯಾವ ನಿರ್ಧಾರಕ್ಕೆ ಟೀಕೆ ಅಂತ ಹೇಳಲು ಹೊರಟರೆ ಆಗ ಪುಟ ಸಾಲುವುದಿಲ್ಲ.

ಒಂದು ಉದಾಹರಣೆ. ಮೂರನೇ ಪುಟದಲ್ಲಿ ‘ಮಾರ್ಲಿ ಹೋರಾಟವನ್ನು ಬದಿಗಿಟ್ಟು ಪ್ರೀತಿ, ಶಾಂತಿಯನ್ನಷ್ಟೇ ಮಾರಿದ’ ಎಂದಿದ್ದೀರಿ. ಸಾಕ್ಷಿಗೆ ‘ಲೆಜೆಂಡ್’ ಸಂಕಲನ. ಮಾರ್ಲಿ ತೀರಿಕೊಂಡದ್ದು 1981ರ ಮೇ 11ರಂದು, 36ನೇ ವಯಸ್ಸಿಗೆ. ‘ಲೆಜೆಂಡ್’ ಬಂದದ್ದು 1984ರಲ್ಲಿ. ಅದರಲ್ಲಿ ಯಾವ ಹಾಡು ಇರಬೇಕು, ಯಾವುದು ಬೇಡ ಅಂತ ಆರಿಸಿದ್ದು ಆತನ ಹಾಡುಗಳನ್ನು ಹೊರತಂದ ಕಂಪನಿ, ಐಲ್ಯಾಂಡ್ ರೆಕಾರ್ಡ್ಸ್. ಎರಡೂವರೆ ಕೋಟಿಗಿಂತ ಜಾಸ್ತಿ ಮಾರಾಟವಾದ ಆ ಸಂಕಲನದಲ್ಲಿ ‘ಸರ್ವೈವಲ್’ ಆಲ್ಬಮ್ಮಿನ ಒಂದು ಹಾಡೂ ಇಲ್ಲ. 1979ರ ಆ ಆಲ್ಬಮ್ಮಿನ ಹೊದಿಕೆ ತುಂಬ ಆಫ್ರಿಕಾ ದೇಶಗಳ ಬಾವುಟ. ಅದರ ‘ಜಿಂಬಾಬ್ವೆ’ ಹಾಡನ್ನು ಮರುವರ್ಷ ಏಪ್ರಿಲ್‌ನಲ್ಲಿ, ಆ ದೇಶ ಸ್ವತಂತ್ರವಾದ ರಾತ್ರಿ, ಮಾರ್ಲಿ ಅಲ್ಲಿಗೇ ಹೋಗಿ ಹಾಡಿದ. ಕ್ರೀಡಾಂಗಣದೊಳಕ್ಕೆ ಅಶ್ರುವಾಯು ನುಗ್ಗಿ ಕಾರ್ಯಕ್ರಮ ನಿಂತು ಮತ್ತೆ ಶುರುವಾಯಿತು. ಹೋರಾಟ ಬಿಟ್ಟವನ ಕೊನೆಯ ವರ್ಷಗಳು ಹೀಗಿರುತ್ತವಾ?

ಇಲ್ಲಿಂದಲೇ ಲೇಖನ ದಾರಿ ತಪ್ಪಿದೆ. ನಿಮ್ಮ ಕಟಕಟೆಯಲ್ಲಿ ಮೂರು ಜನ ಇದ್ದಾರೆ: ಮಾರ್ಲಿ ಎಂಬ ಮನುಷ್ಯ, ಆತನನ್ನು ಮಾರಿದ ಕಂಪನಿ, ಆತನ ಮುಖವಿರುವ ಟೀ ಶರ್ಟ್ ಹಾಕಿಕೊಂಡು ಓಡಾಡುವ ಅಭಿಮಾನಿ. ಗೋಕರ್ಣದ ಶ್ಯಾಕ್‌ನಲ್ಲಿ ಮಾರ್ಲಿ ಪೋಸ್ಟರ್ ಕೆಳಗೆ ಕೂತು ‘ಎಲ್ಲಾ ಒಂದೇ ಬ್ರೋ’ ಅಂದ ಹುಡುಗನ ಮೇಲೆ ನಿಮಗೆ ಸಿಟ್ಟು ಬಂದಿದೆ. ಬರಲಿ, ನನಗೂ ಬರುತ್ತಿತ್ತು. ಆದರೆ ಅವನ ಲೆಕ್ಕವನ್ನು ಮಾರ್ಲಿ ಖಾತೆಗೆ ಹಾಕಿದ್ದೀರಿ.

ಹಾಗಾದರೆ ಮಾರ್ಲಿಯ ಮೇಲೆ ಗಟ್ಟಿ ದೂರು ಯಾವುದೂ ಇಲ್ಲವೇ? ಇದೆ. ನೀವೇ ಒಂದು ಸಾಲಿನಲ್ಲಿ ಮುಟ್ಟಿ ಓಡಿಹೋಗಿದ್ದೀರಿ: ‘1973ರ ಕ್ಯಾಚ್ ಎ ಫೈರ್ ಆಲ್ಬಮ್ಮಿಗೆ ಲಂಡನ್ನಿನಲ್ಲಿ ರಾಕ್ ಬಣ್ಣ ಬಳಿದರು’. ಅಲ್ಲೇ ನಿಲ್ಲಬೇಕಿತ್ತು! ಆಗ ಮಾರ್ಲಿಯ ತಂಡ ವೇಲರ್ಸ್ ಅಂದರೆ ಮಾರ್ಲಿ, ಪೀಟರ್ ಟಾಷ್, ಬನ್ನಿ ವೇಲರ್, ಜೊತೆಗೆ ಬೇಸ್ ಗಿಟಾರಿನಲ್ಲಿ ಆಸ್ಟನ್ ಬ್ಯಾರೆಟ್, ಡ್ರಮ್ಸ್‌ನಲ್ಲಿ ಆತನ ತಮ್ಮ ಕಾರ್ಲ್‌ಟನ್. ಜಮೈಕಾದಲ್ಲಿ ರೆಕಾರ್ಡ್ ಆದ ಟೇಪುಗಳು ಲಂಡನ್ನಿಗೆ ಹೋದವು. ಐಲ್ಯಾಂಡ್ ಕಂಪನಿಯ ಕ್ರಿಸ್ ಬ್ಲ್ಯಾಕ್‌ವೆಲ್‌ಗೆ ಇವರನ್ನು ರಾಕ್ ಕೇಳುಗರಿಗೆ ಮುಟ್ಟಿಸುವ ಆಸೆ. ಅಮೆರಿಕದ ಗಿಟಾರಿಸ್ಟ್ ವೇಯ್ನ್ ಪರ್ಕಿನ್ಸ್, ಕೀಬೋರ್ಡಿನ ಜಾನ್ ಬಂಡ್ರಿಕ್ ಇಬ್ಬರನ್ನು ಕರೆಸಿ, ಆ ಟೇಪುಗಳ ಮೇಲೆ ಅವರಿಂದ ನುಡಿಸಿ ಸೇರಿಸಿದರು. ಪರ್ಕಿನ್ಸ್‌ಗೆ ರೆಗೆ ಅಂದರೆ ಏನೆಂದೇ ಸರಿಯಾಗಿ ಗೊತ್ತಿರಲಿಲ್ಲ. ಎರಡು ಹಾಡುಗಳನ್ನು ಪೂರ್ತಿ ಕೈಬಿಟ್ಟರು.

ನಿಮ್ಮ ಅದೃಷ್ಟಕ್ಕೆ, ಜಮೈಕಾದ ಮೂಲ ಮಿಕ್ಸ್, ಅಂದರೆ ಇದೆಲ್ಲ ಸೇರುವ ಮುಂಚಿನ ರೂಪ, 2001ರಲ್ಲಿ ಬಿಡುಗಡೆಯಾಗಿದೆ. ‘ಕಾಂಕ್ರೀಟ್ ಜಂಗಲ್’ ಹಾಡನ್ನು ಎರಡೂ ರೂಪದಲ್ಲಿ ಒಂದರ ಹಿಂದೆ ಒಂದು ಕೇಳಿ. ಫೋನ್ ಸ್ಪೀಕರಿನಲ್ಲಿ ಬೇಡ, ಬೇಸ್ ಸತ್ತುಹೋಗುತ್ತದೆ. ಹೆಡ್‌ಫೋನ್ ಹಾಕಿಕೊಳ್ಳಿ. ಕಾರ್ಲ್‌ಟನ್‌ನ ಡ್ರಮ್ಸ್ ಕಡೆ ಕಿವಿ ಇಡಿ. ಈ ಪೆಟ್ಟಿನ ಕ್ರಮಕ್ಕೆ ‘ಒನ್ ಡ್ರಾಪ್’ ಅಂತಾರೆ. ಒಂದರಿಂದ ನಾಲ್ಕರವರೆಗೆ ಎಣಿಸುತ್ತಾ ಹೋಗಿ. ರಾಕ್‌ನಲ್ಲಿ ಒಂದನೇ ಎಣಿಕೆಗೇ ಡ್ರಮ್ ಗುದ್ದುತ್ತದೆ. ಇಲ್ಲಿ ಒಂದನೇ ಎಣಿಕೆ ಖಾಲಿ. ಪೆಟ್ಟು ಬೀಳುವುದು ಮೂರಕ್ಕೆ. ಎರಡಕ್ಕೂ ನಾಲ್ಕಕ್ಕೂ ಗಿಟಾರ್ ಚಕ್ ಚಕ್ ಅಂತ ಕತ್ತರಿಸುತ್ತದೆ. ಆ ಖಾಲಿ ಜಾಗದಲ್ಲಿ ಆಸ್ಟನ್‌ನ ಬೇಸ್ ತನ್ನ ಪಾಡಿಗೆ ತಾನು ಹಾಡುತ್ತಿರುತ್ತದೆ. ಜಮೈಕಾ ಮಿಕ್ಸ್‌ನಲ್ಲಿ ಈ ಖಾಲಿತನ ಎದ್ದು ಕೇಳುತ್ತದೆ, ಹಾಡು ಒರಟಾಗಿ, ಸಪೂರವಾಗಿ ನಿಂತಿರುತ್ತದೆ. ಲಂಡನ್ ರೂಪದಲ್ಲಿ ನಡುವೆ ಪರ್ಕಿನ್ಸ್‌ನ ಗಿಟಾರ್ ಎದ್ದು ಬರುತ್ತದೆ, ಒಂದು ಸ್ವರವನ್ನು ಹಿಡಿದು ಉದ್ದಕ್ಕೆ ಎಳೆಯುತ್ತದೆ. ಚೆನ್ನಾಗಿದೆಯಾ? ತುಂಬಾ ಚೆನ್ನಾಗಿದೆ. ಆದರೆ ಅಷ್ಟು ಹೊತ್ತೂ ಕಿವಿ ಬೇಸ್ ಬಿಟ್ಟು ಗಿಟಾರಿನ ಹಿಂದೆ ಹೋಗಿರುತ್ತದೆ. ಏನು ಸಿಕ್ಕಿತು, ಏನು ಹೋಯಿತು ಅಂತ ಹೀಗೆ ತೋರಿಸಬಹುದು. ಮಾರ್ಲಿ ಇದಕ್ಕೆ ಒಪ್ಪಿದ್ದ ಅನ್ನುವುದನ್ನೂ ಮರೆಯಬೇಡಿ. ಇಲ್ಲಿ ಬ್ಲ್ಯಾಕ್‌ವೆಲ್‌ನನ್ನು ಮಾತ್ರ ಖಳನಾಯಕ ಮಾಡಿದರೆ ನಿಮ್ಮ ದೂರು ಮತ್ತೆ ಕೈ ಜಾರುತ್ತದೆ. ನನ್ನ ಓಟು ಜಮೈಕಾ ಮಿಕ್ಸ್‌ಗೆ. ನಿಮ್ಮದು ಯಾವುದಕ್ಕೆ? ಲೇಖನದಲ್ಲಿ ನನಗೆ ಬೇಕಾದದ್ದು ಅದು.

ಇನ್ನೊಂದು ಕಡೆಯೂ ನಿಲ್ಲಬಹುದು. 1978ರ ಏಪ್ರಿಲ್ 22ರಂದು ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ, ಎರಡು ಪಕ್ಷಗಳ ಬೆಂಬಲಿಗರ ಕಾದಾಟ ನಿಲ್ಲಿಸಲು ನಡೆದ ಶಾಂತಿ ಸಂಗೀತ ಕಛೇರಿ. ಮಾರ್ಲಿ ಪ್ರಧಾನಿ ಮೈಕೆಲ್ ಮ್ಯಾನ್ಲಿ, ವಿರೋಧ ಪಕ್ಷದ ಎಡ್ವರ್ಡ್ ಸಿಯಾಗಾ ಇಬ್ಬರನ್ನೂ ವೇದಿಕೆಗೆ ಕರೆದು ಕೈ ಕೈ ಹಿಡಿಸಿದ್ದನ್ನು ನೀವು ‘ಐತಿಹಾಸಿಕ ಕ್ಷಣ’ ಅಂತ ಬರೆದು ಮುಗಿಸಿದ್ದೀರಿ. ಅದೇ ವೇದಿಕೆಯಲ್ಲಿ ಅದಕ್ಕೂ ಮುಂಚೆ ಪೀಟರ್ ಟಾಷ್ ಅದೇ ಇಬ್ಬರು ನಾಯಕರ ಎದುರಿಗೇ ಅವರಿಗೆ ಉದ್ದುದ್ದ ಬೈದಿದ್ದ. ಕೆಲವೇ ತಿಂಗಳಲ್ಲಿ ಪೊಲೀಸರು ಅವನನ್ನು ಹಿಡಿದು ಸಾಯುವ ಹಾಗೆ ಬಡಿದರು. ಆ ಸಂಗೀತ ಕಛೇರಿ ಏರ್ಪಡಿಸಲು ಮುಂದಾಗಿದ್ದ, ಎದುರಾಳಿ ಪಕ್ಷಗಳ ಗ್ಯಾಂಗುಗಳ ಇಬ್ಬರು ನಾಯಕರು, ಕ್ಲಾಡಿ ಮಾಸಪ್ ಮತ್ತು ಬಕಿ ಮಾರ್ಷಲ್, 1979 ಮತ್ತು 1980ರಲ್ಲಿ ಗುಂಡಿಗೆ ಬಲಿಯಾದರು. 1980ರ ಚುನಾವಣೆ ವರ್ಷದ ಹಿಂಸೆಯಲ್ಲಿ ನೂರಾರು ಜನ ಸತ್ತರು. ಒಬ್ಬ ಗೆಳೆಯ ಕೈ ಜೋಡಿಸಿದ, ಇನ್ನೊಬ್ಬ ಬೆರಳು ತೋರಿಸಿದ. ಯಾರು ಸರಿ? ಟಾಷ್ ಪರ ವಾದಿಸುವುದಾದರೆ ಒಂದನ್ನು ಮುಚ್ಚಿಡಬೇಡಿ: ಮಾರ್ಲಿ 1976ರ ಡಿಸೆಂಬರ್ 3ರಂದು ತನ್ನ ಮನೆಯಲ್ಲೇ ಗುಂಡು ತಿಂದವನು, ಎರಡೇ ದಿನಕ್ಕೆ ವೇದಿಕೆ ಹತ್ತಿ ಹಾಡಿದವನು. ಹೆದರುಪುಕ್ಕಲ ಅನ್ನೋಕೆ ಆಗಲ್ಲ.

ಆಸ್ಟನ್ ಬ್ಯಾರೆಟ್ ಲಂಡನ್ನಿನ ಕೋರ್ಟಿನಲ್ಲಿ ಮಾರ್ಲಿ ಕುಟುಂಬ ಮತ್ತು ಕಂಪನಿಯ ಮೇಲೆ ರಾಯಲ್ಟಿಗಾಗಿ ಹೂಡಿದ ದಾವೆ, 2006ರಲ್ಲಿ ಸೋತದ್ದು, ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಆಸ್ಟನ್ ಹಿಂದೊಮ್ಮೆ ರಾಜಿಯಾಗಿ ಹಕ್ಕು ಬಿಟ್ಟುಕೊಟ್ಟಿದ್ದ ಅನ್ನುವುದು ಕೋರ್ಟಿನ ನಿಲುವು. ಆದರೆ ಆ ಬೇಸ್ ತೆಗೆದು ಹಾಡು ಕೇಳಿ ನೋಡೋಣ! ವೇಲರ್ಸ್ ಅನ್ನುವ ಹೆಸರಿನ ಮುಂದೆ 1974ರ ಹೊತ್ತಿಗೆ ಬಾಬ್ ಮಾರ್ಲಿ ಅಂತ ಸೇರಿಕೊಂಡಿತು, ಟಾಷ್ ಮತ್ತು ಬನ್ನಿ ಹೊರಗೆ ನಡೆದಿದ್ದರು. ‘ತಾರೆ ಒಬ್ಬನೇ’ ಅನ್ನುವ ಕಥೆ ಹೇಗೆ ಹುಟ್ಟಿತು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಾ?

ಮಾರ್ಲಿಯ ಹೆಂಗಸರ ವಿಷಯ. ಎರಡು ಪುಟ ಬರೆದಿದ್ದೀರಿ, ಅರ್ಧಕ್ಕರ್ಧ ಗಾಳಿಸುದ್ದಿ. ಹಲವರಲ್ಲಿ ಮಕ್ಕಳಿದ್ದದ್ದು ಗುಟ್ಟೇನಲ್ಲ, ಅದನ್ನು ಟೀಕಿಸುವ ಹಕ್ಕೂ ನಿಮಗಿದೆ. ಆದರೆ ಹೆಂಡತಿ ರೀಟಾ 2004ರಲ್ಲಿ ತಮ್ಮ ಬದುಕಿನ ಕಥೆ ತಾವೇ ಬರೆದಿದ್ದಾರೆ. ಅದನ್ನು ಓದಿ ಬರೆಯಿರಿ. ಇಲ್ಲದಿದ್ದರೆ ಎರಡೂ ಪುಟ ತೆಗೆಯಿರಿ.

ಚಿಕ್ಕಪುಟ್ಟವು. ‘ರೆಗೆಯನ್ನು ಹುಟ್ಟುಹಾಕಿದ ಮಾರ್ಲಿ’ ಅನ್ನೋದು ತಪ್ಪು. ಹಾಡಿನ ಹೆಸರಿನಲ್ಲೇ ಆ ಪದ ಇಟ್ಟು 1968ರಲ್ಲಿ ಹಾಡಿದವರು ಟೂಟ್ಸ್ ಅಂಡ್ ದ ಮೇಟಲ್ಸ್. ಬರ್ನಿಂಗ್ ಸ್ಪಿಯರ್‌ನನ್ನು ‘ಮಾರ್ಲಿಯ ನೆರಳಿನಲ್ಲಿ ತುಳಿಸಿಕೊಂಡವನು’ ಎಂದಿದ್ದೀರಿ. ಇಬ್ಬರೂ ಜಮೈಕಾದ ಸೇಂಟ್ ಆ್ಯನ್ ಸೀಮೆಯವರು, ಕಿಂಗ್‌ಸ್ಟನ್ನಿನ ರೆಕಾರ್ಡಿಂಗ್ ಕೇಂದ್ರ ‘ಸ್ಟುಡಿಯೋ ಒನ್’ ಬಾಗಿಲು ತಟ್ಟು ಅಂತ ಅವನಿಗೆ ಹೇಳಿದ್ದೇ ಮಾರ್ಲಿ. ‘ಮಂತ್ರಮುಗ್ಧಗೊಳಿಸುವ ಲಯ’ ಮೂರು ಕಡೆ ಇದೆ, ‘ಕ್ರಾಂತಿಯ ಕಹಳೆ’ ಎರಡು ಕಡೆ. ಎಲ್ಲದಕ್ಕೂ ಕೆಂಪು ಗೆರೆ ಎಳೆದಿದ್ದೇನೆ. ನಮ್ಮ ಸಿನಿಮಾ ನಟರ ಅಭಿಮಾನಿ ಸಂಘಗಳ ಜೊತೆ ಹೋಲಿಸಿದ ಪ್ಯಾರಾ ಓದಲು ಮಜಾ ಇದೆ, ನಗು ಬಂತು. ಆದರೂ ಇಲ್ಲಿ ಸುಮ್ನೆ ಜಾಗ ತಿನ್ನುತ್ತಿದೆ. ಬೇರೆ ಲೇಖನ ಮಾಡಿ ಕಳಿಸಿ, ಬೈಗುಳ ಬಂದರೆ ಇಬ್ಬರೂ ಹಂಚಿಕೊಳ್ಳೋಣ.

ಮತ್ತೆ ಬರೆಯುವುದಾದರೆ ಒಂದೇ ದೂರು ಹಿಡಿಯಿರಿ. ಲಂಡನ್ ಮಿಕ್ಸ್ ಆಗಲಿ, ಶಾಂತಿ ಕಛೇರಿ ಆಗಲಿ, ಆಸ್ಟನ್‌ನ ಪಾಲು ಆಗಲಿ. ಅಭಿಮಾನಿಗಳ ಜಗಳ ಮೊದಲ ಪ್ಯಾರಾದಲ್ಲೇ ಮುಗಿಯಲಿ, ಆಮೇಲೆ ನಿಮ್ಮ ಮಾತು ಕೇಳಿಸಲಿ. ಸಾವಿರದಿಂದ ಸಾವಿರದಿನ್ನೂರು ಪದ ಸಾಕು. ಫೋಟೋ ಕಳಿಸಬೇಡಿ, ಅವುಗಳ ಹಕ್ಕಿನ ತಲೆನೋವು ನಮಗೆ ಬೇಡ. ಕರಡು ತಿಂಗಳ ಕೊನೆಯೊಳಗೆ ಬಂದರೆ ಮುಂದಿನ ಸಂಗೀತ ವಿಶೇಷಕ್ಕೆ ನೋಡುತ್ತೇನೆ. ತಲೆಬರಹ ನೀವು ಇಡಬೇಡಿ, ನನಗೆ ಬಿಡಿ.

ಇಂತಿ,
ಸಂಪಾದಕ