ಮಳೆ ನೀರೂ ಬೋರ್ ನೀರೂ ಒಂದೇನಾ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಒಂದು ಕೆಜಿ ಭತ್ತಕ್ಕೆ ಸುಮಾರು 1,670 ಲೀಟರ್ ನೀರು, ಸಿರಿಧಾನ್ಯಕ್ಕೆ 4,400 ಲೀಟರಿಗೂ ಜಾಸ್ತಿ ಅಂತ ಒಂದು ಪಟ್ಟಿಯಲ್ಲಿ ಓದಿದೆ. ಹಾಗಿದ್ದರೆ ನೀವು ರಾಗಿಯನ್ನು ಇಷ್ಟು ಹೊಗಳುವುದು ಸರಿಯೇ? ಪ್ರತಿ ಪೊಟ್ಟಣದ ಮೇಲೂ ನೀರಿನ ಲೆಕ್ಕ ಮುದ್ರಿಸಬೇಕು."

ಲೆಕ್ಕ ಹಾಕುವುದು ಒಳ್ಳೆಯದೇ. 2002ರಲ್ಲಿ ನೆದರ್ಲೆಂಡ್ಸಿನ ಜಲತಜ್ಞ ಆರ್ಯೆನ್ ಹೂಕ್‌ಸ್ಟ್ರಾ 'ನೀರಿನ ಹೆಜ್ಜೆಗುರುತು' ಎಂಬ ಈ ಅಳತೆಯನ್ನು ಮುಂದಿಟ್ಟರು. ನೀವು ಓದಿದ್ದೂ ಅವರ ಲೆಕ್ಕವೇ, ಇಡೀ ಜಗತ್ತಿನ ಸರಾಸರಿ. ಸುಳ್ಳಲ್ಲ. ಆದರೆ ನೀವು ಒಟ್ಟು ಮೊತ್ತವನ್ನಷ್ಟೇ ನೋಡಿದ್ದೀರಿ. ಅವರು ನೀರನ್ನು ಮೂರು ಬಣ್ಣ ಮಾಡಿದ್ದಾರೆ. ಹೊಲದ ಮಣ್ಣಲ್ಲಿ ಇಂಗಿದ ಮಳೆ ಹಸಿರು, ಕೆರೆ ನಾಲೆ ಬೋರ್‌ವೆಲ್ಲಿನದು ನೀಲಿ, ಗೊಬ್ಬರದಿಂದ ಕೆಟ್ಟ ನೀರು ತಿಳಿಯಾಗಲು ಬೇಕಾದದ್ದು ಬೂದು. ಸಿರಿಧಾನ್ಯದ ಆ ಮೊತ್ತದಲ್ಲಿ 4,300 ಲೀಟರ್ ಬರೀ ಮಳೆ! ನೀಲಿ ನೀರು 57 ಲೀಟರ್ ಅಷ್ಟೇ. ಭತ್ತಕ್ಕೆ 341.

ಮೊತ್ತ ಯಾಕೆ ದೊಡ್ಡದು ಅಂದರೆ, ಬೆದ್ದಲು ಹೊಲದಲ್ಲಿ ಇಳುವರಿ ಕಡಿಮೆ. ಎಕರೆಗೆ ಬಿದ್ದ ಮಳೆಯನ್ನು ಕಡಿಮೆ ಕೆಜಿಗೆ ಹಂಚಿದರೆ ಪ್ರತಿ ಕೆಜಿಯ ಪಾಲು ಏರಲೇಬೇಕು. ನಮ್ಮಜ್ಜಿ ತುಮಕೂರಿನ ಕಡೆ ಮೂರು ಎಕರೆ ರಾಗಿ ಬೆಳೀತಿದ್ದರು. ಹದ ಮಳೆಗೆ ಕಾದು ಬಿತ್ತನೆ, ಆಮೇಲೆ ಆಕಾಶವೇ ಗತಿ, ಒಂದು ಕೊಡ ನೀರನ್ನೂ ಯಾರೂ ಹೊತ್ತು ಹಾಕಲಿಲ್ಲ. ರಾಗಿ ಬಿತ್ತದಿದ್ದರೆ ಆ ಮಳೆಯನ್ನು ಹುಲ್ಲು ಕುಡೀತಿತ್ತು, ಅಲ್ವಾ? ಅದನ್ನೂ ಸಾವಿರ ಅಡಿ ಕೊರೆದು ಎತ್ತಿದ ನೀರನ್ನೂ ಒಂದೇ ಕೊಳಗದಲ್ಲಿ ಅಳೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನು ಪೊಟ್ಟಣ. ಅರ್ಧ ಲೀಟರ್ ಸಿಹಿ ಪಾನೀಯದ ಲೆಕ್ಕವನ್ನೂ ಹೂಕ್‌ಸ್ಟ್ರಾ ತಂಡ ಹಾಕಿತ್ತು. ಸಕ್ಕರೆ ಯಾವ ಬೆಳೆಯದು, ಯಾವ ದೇಶದ್ದು ಅನ್ನುವುದರ ಮೇಲೆ 170ರಿಂದ 310 ಲೀಟರ್. ಬಾಟಲಿಯ ಪ್ಲಾಸ್ಟಿಕ್ಕಿಗೆ ಅದರಲ್ಲಿ ತೀರಾ ಸಣ್ಣ ಪಾಲು, ಕಾರ್ಖಾನೆಯ ನಲ್ಲಿಗೆ ಇನ್ನೂ ಸಣ್ಣದು. ಉಳಿದದ್ದೆಲ್ಲ ಹೊಲದಲ್ಲಿ ಖರ್ಚಾದದ್ದು. ಆದರೂ ಕಂಪನಿಗಳು ಜಾಹೀರಾತಿನಲ್ಲಿ ನೀರು ಉಳಿಸಿದೆವು ಅನ್ನುವಾಗ ಮಾತಾಡುವುದು ಹೆಚ್ಚಾಗಿ ಕಾರ್ಖಾನೆಯೊಳಗಿನ ನೀರಿನ ಬಗ್ಗೆ. ಮಕ್ಕಳಿಗೆ ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ ಅಂತೀವಿ. ಒಣ ತಾಲ್ಲೂಕುಗಳಲ್ಲಿ ಕಬ್ಬು ಹಬ್ಬಿದ್ದನ್ನು ಮಾತ್ರ ಕೇಳುವವರಿಲ್ಲ.

ಹಾಗಾಗಿ ಪೊಟ್ಟಣದ ಮೇಲೆ ಲೆಕ್ಕ ಮುದ್ರಿಸಲಿ, ನನ್ನ ತಕರಾರಿಲ್ಲ. ಆದರೆ ಮಳೆ ಎಷ್ಟು, ಎತ್ತಿದ್ದು ಎಷ್ಟು, ಯಾವ ತಾಲ್ಲೂಕಿನಿಂದ ಅಂತ ಬಿಡಿಸಿ ಹಾಕಲಿ. ನೀವಿರುವುದು ಭದ್ರಾ ನಾಲೆಯ ಊರಲ್ಲಿ. ನಾಲೆಯ ಕೊನೆ ಭಾಗದ ರೈತರು ನೀರಿಗಾಗಿ ರಸ್ತೆಗಿಳಿಯುವುದನ್ನು ನನಗಿಂತ ಹತ್ತಿರದಿಂದ ಕಂಡವರು ನೀವು. ಜಗತ್ತಿನ ಸರಾಸರಿಯಲ್ಲಿ ಅವರು ಕಾಣುತ್ತಾರಾ, ನೀವೇ ಹೇಳಿ.